ದೆವ್ವದ ಕಥೆ, ಇಬ್ಬರ ನಗು, ನಾಲ್ಕು ಬಗೆಯ ರೆಕಾರ್ಡಿಂಗ್

ಒಬ್ಬರು ದನಿ ತಗ್ಗಿಸಿ "ಹುಣಸೆಮರದ ಕೆಳಗೆ ಬಿಳಿ ಸೀರೆ ಉಟ್ಟುಕೊಂಡು ಯಾರೋ ನಿಂತಿದ್ರು ಕಣೋ" ಅನ್ನುತ್ತಾರೆ. ಎದುರಿನವರು "ಬಸ್ಸಿಗೇನೋ" ಅನ್ನುತ್ತಾರೆ. ಮರುಕ್ಷಣ ಇಬ್ಬರೂ ಹೋ ಎಂದು ನಗುತ್ತಾರೆ. ತಮಾಷೆಯ ದೆವ್ವದ ಪಾಡ್‌ಕಾಸ್ಟಿನ ಸೊಗಸು ಇಷ್ಟೇ, ರೆಕಾರ್ಡಿಂಗ್ ಕೆಡುವುದೂ ಇಲ್ಲೇ. ಪಿಸುಮಾತಿಗೂ ಗಹಗಹಕ್ಕೂ 30 ಡೆಸಿಬಲ್‌ಗಿಂತ ಹೆಚ್ಚು ಅಂತರ. ಪಿಸುಮಾತು ಕೇಳಲಿ ಎಂದು ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ನಗು ಒಡೆಯುತ್ತದೆ. ನಗು ಒಡೆಯದಿರಲಿ ಎಂದು ಇಳಿಸಿದರೆ ಹುಣಸೆಮರ ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ಷೇರುಪೇಟೆಯ ಬಗ್ಗೆ ಮಾತಾಡುವವರಿಗೆ ಈ ಕಾಟವಿಲ್ಲ.

ಆದ್ದರಿಂದ ಇಲ್ಲಿ ಹೋಲಿಸಿದ್ದು ಯಾವ ಮೈಕಿನ ದನಿ ಇಂಪು ಎಂಬುದನ್ನಲ್ಲ. ನಾಲ್ಕು ಬಗೆಯ ಸಲಕರಣೆಗೂ ಒಂದೇ ಪರೀಕ್ಷೆ: ಒಂದೇ ಮಲಗುವ ಕೋಣೆ, ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ, ಒಂದೇ ಪ್ಯಾರಾವನ್ನು ಪಿಸುಗುಟ್ಟಿ, ಮಾಮೂಲಾಗಿ ಓದಿ, ಕೊನೆಗೆ ನಕ್ಕು. ಜೊತೆಗೆ "ಭೂತ, ಪ್ರೇತ, ಪಿಶಾಚಿ, ಬ್ರಹ್ಮರಾಕ್ಷಸ" ಎಂದು ಒಂದೇ ಉಸಿರಿನಲ್ಲಿ ಹೇಳಿಸುವುದು. ಕನ್ನಡದ ದೆವ್ವಗಳೆಲ್ಲ ಪ, ಬ, ಭಗಳಿಂದಲೇ ಶುರುವಾಗುವುದು ಮೈಕಿನ ಪಾಲಿನ ದುರದೃಷ್ಟ. ಒಂದೊಂದು ಹೆಸರಿಗೂ ತುಟಿಯಿಂದ ಗಾಳಿ ನುಗ್ಗಿ 'ಡಬ್' ಎನ್ನುತ್ತದೆ.

ಮೊದಲನೆಯದು ಕಾಲರ್ ಮೈಕ್ ಮತ್ತು ಫೋನ್. ಬೋಯಾ ಬಿವೈ-ಎಂ1 ಬಹಳ ಜನರ ಕೈಯಲ್ಲಿರುವಂಥದ್ದು. 6 ಮೀಟರ್ ವೈರು, ಫೋನಿಗೂ ಕ್ಯಾಮೆರಾಗೂ ಒಂದು ಸ್ವಿಚ್ಚು. ಆ ಸ್ವಿಚ್ಚು ಕ್ಯಾಮೆರಾ ಕಡೆಗಿದ್ದರೆ ಫೋನಿನಲ್ಲಿ ದನಿ ಸರಿಯಾಗಿ ಬರದು, ಎಲ್‌ಆರ್44 ಸೆಲ್ ಸುಮ್ಮನೆ ಖಾಲಿಯಾಗುತ್ತದೆ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಭೂತಪ್ರೇತಗಳ 'ಡಬ್' ಬಹುಮಟ್ಟಿಗೆ ತಪ್ಪುತ್ತದೆ, ಬಾಯಿಯ ಗಾಳಿ ಅಲ್ಲಿಗೆ ನೇರ ಬಡಿಯುವುದಿಲ್ಲ. ಆದರೆ ಈ ಮೈಕು ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತದೆ: ಫ್ಯಾನು, ಪಕ್ಕದ ಮನೆಯ ಕುಕ್ಕರ್, ಎದುರಿನವರ ನಗು. ಬಿದ್ದು ಬಿದ್ದು ನಗುವಾಗ ದುಪಟ್ಟಾ ಅಥವಾ ಶರಟಿನ ಅಂಚು ಉಜ್ಜಿದ ಕರಕರ ಸದ್ದನ್ನು ಆಮೇಲೆ ತೆಗೆಯಲು ಆಗುವುದಿಲ್ಲ.

ಇದರ ದೊಡ್ಡ ತೊಡಕು ಮೈಕಲ್ಲ, ಫೋನು. ಬಹುತೇಕ ರೆಕಾರ್ಡರ್ ಆ್ಯಪ್‌ಗಳು ಗೇನನ್ನು ತಾವೇ ಏರಿಳಿಸುತ್ತವೆ. ಪಿಸುಮಾತು ಬಂದಾಗ ಏರಿಸಿ ಫ್ಯಾನಿನ ಸದ್ದನ್ನೂ ಎತ್ತುತ್ತವೆ, ನಗು ಬಂದ ಕೂಡಲೇ ಒತ್ತಿಹಿಡಿಯುತ್ತವೆ. ನಕ್ಕಾದ ಮೇಲಿನ ಒಂದೆರಡು ಪದ ಬಾವಿಯೊಳಗಿಂದ ಬಂದಂತೆ ಕೇಳುತ್ತವೆ. ಈ ಆಟೋ ಗೇನ್ ನಿಲ್ಲಿಸಲು ಬಿಡುವ, ದನಿಯನ್ನು ಕುಗ್ಗಿಸದೆ ವೇವ್ ಫೈಲ್ ಆಗಿ ಉಳಿಸುವ ಆ್ಯಪ್ ಬೇಕು. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ. ಇಬ್ಬರಿಗೆ ಎರಡು ಫೋನ್ ಇಟ್ಟು, ಶುರುವಿನಲ್ಲಿ ಒಂದು ಚಪ್ಪಾಳೆ, ಮುಗಿಯುವಾಗ ಇನ್ನೊಂದು ತಟ್ಟಿ, ಎಡಿಟಿಂಗ್‌ನಲ್ಲಿ ಎರಡು ಫೈಲನ್ನೂ ಹೊಂದಿಸಲು ಅವೇ ಗುರುತು. ಎರಡು ಫೋನುಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಇರುತ್ತವೆ. ಹತ್ತು ಲಕ್ಷಕ್ಕೆ 50ರ ವ್ಯತ್ಯಾಸವಿದ್ದರೂ 40 ನಿಮಿಷದಲ್ಲಿ 0.12 ಸೆಕೆಂಡ್ ಜಾರುತ್ತದೆ. ಕೊನೆಯ ಚಪ್ಪಾಳೆ ಇಲ್ಲದಿದ್ದರೆ ಮುಕ್ತಾಯದ ಹೊತ್ತಿಗೆ ನಗುವೇ ಜೋಕಿಗಿಂತ ಮೊದಲು ಬಂದಿರುತ್ತದೆ. ಇನ್ನೊಂದು ಮಾತು: ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ವಾಯ್ಸ್ ನೋಟ್ ಆಗಿ ಅಲ್ಲ.

ಎರಡನೆಯದು ಮೇಜಿನ ನಡುವೆ ಒಂದೇ ಯುಎಸ್‌ಬಿ ಕಂಡೆನ್ಸರ್ ಮೈಕ್ (ನೇರ ಕಂಪ್ಯೂಟರಿಗೆ ಸಿಕ್ಕಿಸುವ, ಸಣ್ಣ ಸದ್ದನ್ನೂ ಹಿಡಿಯುವ ಬಗೆ), ಇಬ್ಬರೂ ಆಚೀಚೆ. ಬ್ಲೂ ಯೇತಿಯಂಥವುಗಳಲ್ಲಿ ಎದುರುಬದುರು ಕೂತು ಮಾತಾಡಲೆಂದೇ ಎರಡು ದಿಕ್ಕಿನ ಆಯ್ಕೆ ಇರುತ್ತದೆ. ಫೋಟೋದಲ್ಲಿ ಬಹಳ ಚಂದ. ಮಾಮೂಲಿ ಮಾತಿಗೆ ನಾಲ್ಕರಲ್ಲಿ ದನಿ ಇದರದ್ದೇ ಸ್ಫುಟ. ಆದರೂ ಈ ಬಗೆಯ ಕಾರ್ಯಕ್ರಮಕ್ಕೆ ಇದು ಕಟ್ಟಕಡೆಯ ಆಯ್ಕೆ. ಒಂದು, ಬಾಯಿಂದ ಮೈಕಿಗೆ ಎರಡು ಗೇಣಾದರೂ ದೂರವಿರುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ ನೇರ ದನಿ 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಇಳಿಯುವುದಿಲ್ಲ. ರೆಡ್ ಆಕ್ಸೈಡ್ ನೆಲ, ಬೋಳು ಗೋಡೆಯ ಕೋಣೆಯಾದರೆ ಕಲ್ಯಾಣಮಂಟಪದಲ್ಲಿ ಕೂತಂತಾಗುತ್ತದೆ. ಎರಡು, ಇಬ್ಬರ ದನಿಯೂ ಒಂದೇ ಟ್ರ್ಯಾಕಿನಲ್ಲಿ ಬೆರೆತುಹೋಗುತ್ತದೆ. ಕಥೆಯ ಕೊನೆಯ ಸಾಲಿನ ಮೇಲೆಯೇ ಗೆಳೆಯ ನಕ್ಕುಬಿಟ್ಟರೆ ಆ ಸಾಲು ಹೋದಂತೆ. ಮೇಜು ಗುದ್ದಿ ನಗುವ ಅಭ್ಯಾಸವಿದ್ದವರಂತೂ ಗೋಣಿಚೀಲವನ್ನೋ ಕಂಬಳಿಯನ್ನೋ ನಾಲ್ಕು ಮಡಿಕೆ ಮಾಡಿ ಮೈಕಿನ ಕೆಳಗೆ ಹಾಕಲೇಬೇಕು.

ಹಾಗಾದರೆ ಎರಡು ಯುಎಸ್‌ಬಿ ಮೈಕ್ ತಂದರೆ? ವಿಂಡೋಸ್‌ನಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶ ಒಂದು ಸಲಕ್ಕೆ ಒಂದೇ ಸಾಧನದಿಂದ ರೆಕಾರ್ಡ್ ಮಾಡುತ್ತದೆ. ಮ್ಯಾಕ್‌ನಲ್ಲಿ ಎರಡನ್ನೂ ಸೇರಿಸಿ ಒಂದು ಸಾಧನವೆಂದು ತೋರಿಸುವ ಏರ್ಪಾಡಿದೆ. ವಿಂಡೋಸ್‌ನಲ್ಲೂ ಅಡ್ಡದಾರಿಗಳಿವೆ, ಆದರೆ ಆ ತಲೆನೋವಿನ ಬದಲು ಮೂರನೆಯ ಬಗೆಗೆ ಹೋಗುವುದು ಮೇಲು.

ಮೂರನೆಯದು ಎರಡು ಡೈನಾಮಿಕ್ ಮೈಕ್ (ಹತ್ತಿರದ ದನಿಯನ್ನಷ್ಟೇ ಚೆನ್ನಾಗಿ ಹಿಡಿಯುವ, ವೇದಿಕೆಯ ಬಗೆ), ಎರಡು ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ವೈರು), ಅವನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್. ಶೂರ್ ಎಸ್‌ಎಂ58 1966ರಿಂದ ಬರುತ್ತಿರುವ ಮೈಕು, ಆರ್ಕೆಸ್ಟ್ರಾ ವೇದಿಕೆಯಲ್ಲಿ ಎಲ್ಲರೂ ಕಂಡಿರುವಂಥದ್ದು. ಅಷ್ಟು ದುಡ್ಡು ಬೇಡವೆಂದರೆ ಬೆಹ್ರಿಂಗರ್ ಎಕ್ಸ್‌ಎಂ8500 ಸಾಕು. ಸ್ಯಾಮ್ಸನ್ ಕ್ಯೂ2ಯು ತಂದರೆ ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇರುವುದರಿಂದ ಇಂಟರ್‌ಫೇಸ್ ಕೊಳ್ಳುವವರೆಗೂ ಒಬ್ಬರೇ ಅಭ್ಯಾಸ ಮಾಡಬಹುದು. ಇಂಟರ್‌ಫೇಸ್ ಎಂದರೆ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ತರಹದ ಎರಡು ಮೈಕಿನ ಪೆಟ್ಟಿಗೆ. ಡೈನಾಮಿಕ್ ಮೈಕಿಗೆ, ಕಂಡೆನ್ಸರಿಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಡ, ಆ ಗುಂಡಿ ಆರಿಸಿರಲಿ.

ಇದು ಗೆಲ್ಲುವುದು ಕೂರುವ ಕ್ರಮದಿಂದ. ಬಾಯಿಗೆ ನಾಲ್ಕು ಬೆರಳಷ್ಟು ಹತ್ತಿರ, ಸುಮಾರು 8 ಸೆಂಟಿಮೀಟರ್. ಮೈಕು ನೇರ ಬಾಯೆದುರು ಬೇಡ, ತುಟಿಯ ಮೂಲೆಗೆ ಗುರಿಯಿಟ್ಟು ಓರೆಯಾಗಿರಲಿ. ಬ್ರಹ್ಮರಾಕ್ಷಸನ ಗಾಳಿ ಪಕ್ಕಕ್ಕೆ ಹೋಗುತ್ತದೆ. ಇಬ್ಬರೂ ಎದುರುಬದುರು ಕೂತು, ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಕಡೆಗಿರಬೇಕು. ಈ ಮೈಕುಗಳಿಗೆ ಬೆನ್ನಿನ ಕಡೆ ಕಿವುಡು, ಹಾಗಾಗಿ ಎದುರಿನವರ ನಗು ತೆಳ್ಳಗಾಗಿ ಮಾತ್ರ ಬೀಳುತ್ತದೆ. ಬಾಯಿಂದ ಮೈಕಿಗೆ ಎಷ್ಟು ದೂರವೋ ಅದರ ಮೂರರಷ್ಟಾದರೂ ಮೈಕಿಂದ ಮೈಕಿಗೆ ಇರಲಿ. ಇಲ್ಲದಿದ್ದರೆ ಎರಡು ಟ್ರ್ಯಾಕ್ ಕೂಡಿಸಿದಾಗ ದನಿ ಬಕೆಟ್ಟಿನೊಳಗಿಂದ ಬಂದಂತಾಗುತ್ತದೆ.

ಗೇನ್ ಇಡುವಾಗ ಎಲ್ಲರೂ "ಹಲೋ ಹಲೋ, ಒನ್ ಟೂ ತ್ರೀ" ಅನ್ನುತ್ತಾರೆ. ಇಲ್ಲಿ ನಗಬೇಕು. ರೆಕಾರ್ಡಿಂಗ್ ಮೀಟರಿನಲ್ಲಿ 0 ಎಂದರೆ ದನಿ ಒಡೆಯುವ ಗಡಿ, ಅದರ ಕೆಳಗಿನದೆಲ್ಲ ಮೈನಸ್. ನಿಜವಾದ ನಗು ನಗಿಸಿ, ಅದರ ತುದಿ -6 ಡೆಸಿಬಲ್ ದಾಟದಂತೆ ಗುಂಡಿ ತಿರುಗಿಸಿ. ಆಗ ಮಾತು -18ರಿಂದ -12ರ ಸುತ್ತ ಬೀಳುತ್ತದೆ. ಪಿಸುಮಾತು ಬಹಳ ಕೆಳಗಿರುತ್ತದೆ, ಇರಲಿ. ಸಣ್ಣ ಸದ್ದನ್ನೂ ಸೂಕ್ಷ್ಮವಾಗಿ ಉಳಿಸುವ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಆಮೇಲೆ ಎತ್ತಬಹುದು. ದೋಷವೆಂದರೆ ಇಂಥ ಮೈಕಿಗೆ 55-60 ಡೆಸಿಬಲ್ ಗೇನ್ ಬೇಕು. ಅಗ್ಗದ ಇಂಟರ್‌ಫೇಸ್‌ಗಳಲ್ಲಿ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ 'ಸ್ಸ್' ಎಂಬ ಹಿನ್ನೆಲೆ ಬರುತ್ತದೆ. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಇನ್ವರ್ಟರ್ ಮೇಲೆ ಓಡುವ ಹೊತ್ತಿನಲ್ಲಂತೂ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುವುದು ಒಳ್ಳೆಯದು.

ನಾಲ್ಕನೆಯದು ಜೂಮ್ ಪಾಡ್‌ಟ್ರ್ಯಾಕ್ ಪಿ4ನಂಥ ಕೈಪೆಟ್ಟಿಗೆ: ನಾಲ್ಕು ಎಕ್ಸ್‌ಎಲ್‌ಆರ್ ಮೈಕ್, ನಾಲ್ಕು ಹೆಡ್‌ಫೋನ್, ಎರಡು ಎಎ ಸೆಲ್, ಎಸ್‌ಡಿ ಕಾರ್ಡ್. ಲ್ಯಾಪ್‌ಟಾಪ್ ಬೇಡ, ಅದರ ಫ್ಯಾನೂ ಇಲ್ಲ, ಪ್ರತಿ ಮೈಕಿಗೂ ಬೇರೆ ಫೈಲು. ಮೂರನೆಯ ಬಗೆಯ ಮೈಕುಗಳೇ ಇದಕ್ಕೂ ನಡೆಯುತ್ತವೆ. ಉಳಿಸುವುದು 16 ಬಿಟ್‌ನಲ್ಲಾದ್ದರಿಂದ ಗೇನ್ ವಿಷಯದಲ್ಲಿ ತುಸು ಹೆಚ್ಚು ಜಾಗ್ರತೆ ಬೇಕು. ಇದಕ್ಕೆ ದುಡ್ಡು ಹಾಕಲು ಒಂದೇ ಗಟ್ಟಿ ಕಾರಣವಿದೆ: ಫೋನ್ ಜೋಡಿಸಬಹುದು. ಕೇಳುಗರು ಕರೆ ಮಾಡಿ "ನಮ್ಮ ತೋಟದಲ್ಲಿ ಕೊಳ್ಳಿದೆವ್ವ ನೋಡಿದೀನಿ" ಎಂದರೆ ಅವರ ದನಿ ಬೇರೆ ಟ್ರ್ಯಾಕಿಗೆ ಬೀಳುತ್ತದೆ, ಅವರದೇ ದನಿ ಅವರಿಗೆ ಮರಳಿ ಕೇಳದಂತೆ ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ನಾಲ್ಕು ಸದ್ದಿನ ಗುಂಡಿಗಳೂ ಇವೆ. ಗೂಬೆ, ಬಾಗಿಲ ಕಿರ್ರ್, ಗೆಜ್ಜೆ ಹಾಕಿಟ್ಟು ಮೊದಲ ಎರಡು ಸಂಚಿಕೆ ಅದನ್ನೇ ಒತ್ತುತ್ತಾ ಕೂರುವುದು ಎಲ್ಲರ ಹಣೆಬರಹ.

ಒಟ್ಟಿನಲ್ಲಿ ಮನೆಯಲ್ಲಿ ಕೂತು ಇಬ್ಬರೇ ಮಾಡುವುದಾದರೆ ಮೂರನೆಯದು. ಕರೆ ತೆಗೆದುಕೊಳ್ಳುವುದಿದ್ದರೆ, ಮೂರನೆಯ ಗೆಳೆಯ ಬರುವುದಿದ್ದರೆ ನಾಲ್ಕನೆಯದು. ಐದು ಸಂಚಿಕೆ ದಾಟುತ್ತೇವೋ ಇಲ್ಲವೋ ಎಂಬ ಅನುಮಾನವಿದ್ದರೆ ಮೊದಲನೆಯದು, ಮರ್ಯಾದೆಯಾಗಿ ಎರಡು ಫೋನಿನಲ್ಲಿ. ಗೆಳೆಯ ಡಲ್ಲಾಸ್‌ನಲ್ಲೋ ಲಂಡನ್‌ನಲ್ಲೋ ಇದ್ದರೂ ಅದೇ ಉಪಾಯ: ಮಾತು ಕರೆಯಲ್ಲಿ ಆಗಲಿ, ರೆಕಾರ್ಡಿಂಗ್ ಅವರವರ ಬಳಿ ಬೇರೆ ಆಗಲಿ, ಇಬ್ಬರೂ ಹೆಡ್‌ಫೋನ್ ಹಾಕಿರಲಿ.

ಕಥೆ ಹೇಳುವ ಬಗೆಯಲ್ಲೂ ಪೈಪೋಟಿ ಇದೆ. ಇಬ್ಬರೂ ಓದಿಕೊಂಡು ಬಂದರೆ ತಪ್ಪು ಕಡಿಮೆ, ಆದರೆ ನಗು ನಾಟಕದ್ದು. ಒಬ್ಬರಿಗೆ ಮಾತ್ರ ಕಥೆ ಗೊತ್ತಿದ್ದು ಇನ್ನೊಬ್ಬರು ಮೊದಲ ಸಲ ಕೇಳುವ ಬಗೆಯೇ ಗೆಲ್ಲುತ್ತದೆ. ಹೇಳುವವರ ಕೈಯಲ್ಲಿ ಪೂರ್ತಿ ಬರಹ ಬೇಡ, ಹತ್ತು ಸಾಲಿನ ಚೀಟಿ ಸಾಕು: ಊರು, ಕಾಲ, ಯಾರು ಕಂಡರು, ತಿರುವು, ಕಾರಣವಿರಬಹುದಾದ ವಿವರಣೆ. ಆ ಕೊನೆಯ ಸಾಲಿಗೆ ಸರಕು ಬೇಕಾದಷ್ಟಿದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಪ್ರಯೋಗಾಲಯದ 'ದೆವ್ವ'ದ ಹಿಂದೆ ಸುಮಾರು 19 ಹರ್ಟ್ಸ್‌ನಲ್ಲಿ ಕಂಪಿಸುತ್ತಿದ್ದ ಫ್ಯಾನನ್ನು ಪತ್ತೆಮಾಡಿ 1998ರಲ್ಲಿ ಬರೆದರು. ಎಸ್‌ಎಂ58 ಹಿಡಿಯುವುದು 50 ಹರ್ಟ್ಸ್‌ನಿಂದ ಮೇಲೆ, ಆದ್ದರಿಂದ ಆ ದೆವ್ವ ನಿಮ್ಮ ಟ್ರ್ಯಾಕಿಗೆ ಬೀಳುವುದಿಲ್ಲ. ನಮ್ಮಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆಗಿನ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ಮಾಡಿದ್ದರು. ತಲಕಾಡಿನ ಅಲಮೇಲಮ್ಮನ ಶಾಪ, 90ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಬರೆದಿದ್ದ 'ನಾಳೆ ಬಾ', ಎರಡೂ ಒಂದೊಂದು ಸಂಚಿಕೆಗೆ ಧಾರಾಳ. ತುಳುನಾಡಿನ 'ಭೂತ'ವನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅಲ್ಲಿ ಆ ಪದ ದೆವ್ವವಲ್ಲ, ದೈವ. ಅರಿಯದೆ ನಕ್ಕರೆ ತಮಾಷೆಯಾಗುವುದಿಲ್ಲ. ಯಾರೋ ವಾಸವಿರುವ ಮನೆಯ ವಿಳಾಸ ಹೇಳುವುದೂ ಬೇಡ.

ಎಡಿಟಿಂಗ್‌ಗೆ ಆಡಾಸಿಟಿ ಪುಕ್ಕಟೆ, ರೀಪರ್‌ಗೆ ದುಡ್ಡು ಕೊಡಬೇಕು. ಮೊದಲ ವರ್ಷಕ್ಕೆ ಆಡಾಸಿಟಿಯೇ ಸಾಕು. ಕ್ರಮ ಹೀಗೆ: ಶುರುವಿನಲ್ಲಿ ಯಾರೂ ಮಾತಾಡದ 5 ಸೆಕೆಂಡ್ ಕೋಣೆಯ ಮೌನ ಹಿಡಿದಿಡಿ, ಅದನ್ನು ಮಾದರಿಯಾಗಿ ಕೊಟ್ಟು ನಾಯ್ಸ್ ರಿಡಕ್ಷನ್ 6ರಿಂದ 9 ಡೆಸಿಬಲ್ ಮಾತ್ರ. ಜಾಸ್ತಿ ಮಾಡಿದರೆ ಮಾತಿನ ಸಂದಿಯಲ್ಲಿ ನೀರಿನೊಳಗಿನ ಗುಳುಗುಳು ಪಿಸುದನಿ ಹುಟ್ಟುತ್ತದೆ; ಅದನ್ನೇ ಪ್ರೇತದ ದನಿ ಎಂದು ನಂಬಿದವರೂ ಇದ್ದಾರು. ಆಮೇಲೆ ಕಥೆಯ ಸಾಲಿನ ಮೇಲೆ ಬಿದ್ದ ನಗುವನ್ನು ಬೇಕಾದ ಜಾಗದಲ್ಲಿ ಮಾತ್ರ ದನಿ ಏರಿಳಿಸುವ ಎನ್ವಲಪ್ ಉಪಕರಣದಿಂದ 6-8 ಡೆಸಿಬಲ್ ಇಳಿಸಿ. ಪೂರ್ತಿ ಅಳಿಸಿದರೆ ಗೆಳೆಯ ಎದ್ದುಹೋದಂತಿರುತ್ತದೆ. ಆಮೇಲೆ ಜೋರು ದನಿಯನ್ನು ತಗ್ಗಿಸಿ ಅಂತರ ಕುಗ್ಗಿಸುವ ಕಂಪ್ರೆಸರ್: ಅನುಪಾತ 3:1, ಅದು ಕೆಲಸ ಶುರುಮಾಡುವ ಮಟ್ಟ (ಥ್ರೆಶೋಲ್ಡ್) -18 ಡೆಸಿಬಲ್. ಕೊನೆಗೆ ಇಡೀ ಸಂಚಿಕೆಯ ಜೋರನ್ನು ಒಂದು ಮಟ್ಟಕ್ಕೆ ತರುವ ಲೌಡ್‌ನೆಸ್ ನಾರ್ಮಲೈಸೇಶನ್: ಸ್ಟೀರಿಯೋ ಆದರೆ -16, ಮೋನೋ ಆದರೆ -19 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ). ಮೌನವನ್ನು ತಾನೇ ಕತ್ತರಿಸುವ ಟ್ರಂಕೇಟ್ ಸೈಲೆನ್ಸ್ ಒತ್ತಲೇಬೇಡಿ. ಬೇರೆ ಪಾಡ್‌ಕಾಸ್ಟಿಗೆ ಅದು ವರ, ಇಲ್ಲಿ ಹೆದರಿಕೆಯೆಲ್ಲ ಆ ಮೌನದಲ್ಲೇ ಇರುವುದು.

ಮೋನೋ 64 ಕೆಬಿಪಿಎಸ್‌ನಲ್ಲಿ 40 ನಿಮಿಷದ ಸಂಚಿಕೆ 19 ಎಂಬಿ ಆಗುತ್ತದೆ, ಸ್ಟೀರಿಯೋ 128ರಲ್ಲಿ ಅದರ ಎರಡರಷ್ಟು. ಹೆಜ್ಜೆ ಸಪ್ಪಳ ಎಡಗಿವಿಯಿಂದ ಬಲಗಿವಿಗೆ ಓಡಬೇಕೆಂಬ ಆಸೆ ಇದ್ದರೆ ಮಾತ್ರ ಸ್ಟೀರಿಯೋ. ಅಡುಗೆಮನೆಯಲ್ಲಿ ಫೋನಿಟ್ಟು ಕೇಳುವವರಿಗೆ ಅದು ದಕ್ಕುವುದಿಲ್ಲ. ಸಿನಿಮಾದ 'ಧಡ್' ಎಂಬ ಮಂದ್ರ ಸದ್ದೂ ಫೋನಿನ ಸ್ಪೀಕರಿನಲ್ಲಿ ಕೇಳದು, ಗೇಟಿನ ಕಿರ್ರ್ ಕೇಳುತ್ತದೆ. ಬಾವಿಯ ರಾಟೆ, ಹಳೇ ಬಾಗಿಲು, ಗೆಜ್ಜೆಗಳನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ, ಹಕ್ಕಿನ ತಕರಾರು ಇರುವುದಿಲ್ಲ.

ಪ್ರಕಟಣೆಗೆ ಸ್ಪಾಟಿಫೈ ಫಾರ್ ಕ್ರಿಯೇಟರ್ಸ್ ಪುಕ್ಕಟೆ. ಹೊಸ ಸಂಚಿಕೆಗಳನ್ನು ಬೇರೆ ಆ್ಯಪ್‌ಗಳಿಗೆ ತಾನೇ ತಲುಪಿಸುವ ಅಲ್ಲಿನ ಆರ್‌ಎಸ್‌ಎಸ್ ಕೊಂಡಿಯನ್ನು ಆ್ಯಪಲ್‌ಗೂ ಯೂಟ್ಯೂಬ್‌ಗೂ ಕೊಡಬಹುದು. ಆ ಕೊಂಡಿಯಲ್ಲಿ ಇಮೇಲ್ ಎಲ್ಲರಿಗೂ ಕಾಣುವಂತಿರಬಹುದು, ಹಾಗಾಗಿ ಬೇರೆ ವಿಳಾಸ ಮಾಡಿಕೊಳ್ಳಿ. ಭಾಷೆ ಎಂಬಲ್ಲಿ ಕನ್ನಡವನ್ನೇ ಆರಿಸಿ. ಮುಖಚಿತ್ರ 3000 × 3000 ಪಿಕ್ಸೆಲ್. ಅದನ್ನು ಮುಗಿಸುವ ಮೊದಲು ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ: ಒತ್ತಕ್ಷರಗಳು ಮೊದಲು ಮಸಿಯಾಗುತ್ತವೆ, 'ದೆವ್ವ' ಎಂಬುದು 'ದೆವ' ಆಗಿರುತ್ತದೆ.