ಮಾರುವ ಮನೆಗೆ ಇಂಟೀರಿಯರ್ ಮಾಡಿಸಿ ಎನ್ನುವವರ ಬಗ್ಗೆ ಜೋಪಾನ

ಹಳೇ ಮನೆ ಮಾರಲು ಹೊರಟಿರುವವರಿಗೆ, ಅದರಲ್ಲೂ ಅಪ್ಪ ಅಮ್ಮ ಕಟ್ಟಿಸಿದ ಮನೆಯನ್ನು ಒಡಹುಟ್ಟಿದವರೆಲ್ಲ ಸೇರಿ ಮಾರುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. "ಹೀಗೇ ತೋರಿಸಿದ್ರೆ ರೇಟ್ ಬರಲ್ಲ, ಸ್ವಲ್ಪ ಖರ್ಚು ಮಾಡಿ ರೆಡಿ ಮಾಡಿಸಿ, ಡಬಲ್ ವಾಪಸ್ ಬರುತ್ತೆ" ಎಂದು ಯಾರಾದರೂ ಹೇಳಿದರೆ, ಅಡ್ವಾನ್ಸ್ ಕೊಡುವ ಮುಂಚೆ ದಯವಿಟ್ಟು ಪೂರ್ತಿ ಓದಿ. ಈ ಒಂದು ಮಾತಿಗೆ ನಮ್ಮ ಮನೆಯಲ್ಲಿ 11 ಲಕ್ಷ ಹೋಯಿತು. ಬರೀ ದುಡ್ಡು ಹೋಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಮನೆ ಇದ್ದದ್ದು ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ. 40-60ರ ಸೈಟು, ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಹುಟ್ಟುವುದಕ್ಕೂ ಮುಂಚೆ ಸೈಟು ಹಂಚುತ್ತಿದ್ದ ಸಿಐಟಿಬಿ ಕಾಲದ್ದು. ಅಪ್ಪ 1974ರಲ್ಲಿ ಕಟ್ಟಿಸಿದ್ದು. ನಡುಮನೆ, ಎರಡು ರೂಮು, ದೇವರ ಮನೆ, ಅಡುಗೆಮನೆ, ಎಲ್ಲಕ್ಕೂ ರೆಡ್ ಆಕ್ಸೈಡ್ ನೆಲ. ತೇಗದ ಬಾಗಿಲು, ಕಬ್ಬಿಣದ ಸರಳಿನ ಕಿಟಕಿ, ಹಿತ್ತಲಲ್ಲಿ ತೆಂಗು, ಕರಿಬೇವು. ಅಪ್ಪ ಹೋದ ಮೇಲೆ ಅಮ್ಮ ಕೆಲವು ವರ್ಷ ಒಬ್ಬರೇ ಇದ್ದರು. ಮಂಡಿನೋವು ಜಾಸ್ತಿಯಾದಾಗ ಬೆಂಗಳೂರಿಗೆ, ನನ್ನ ಮನೆಗೆ ಬಂದರು. ತಮ್ಮ ಇರುವುದು ಪುಣೆಯಲ್ಲಿ. ಬೀಗ ಹಾಕಿದ ಮನೆಗೆ ಗೆದ್ದಲು ಬೇಗ ಹತ್ತುತ್ತದೆ, ಮಾರಿಬಿಡೋಣ ಎಂದು ಮೂವರೂ ಒಪ್ಪಿದೆವು.

ಬ್ರೋಕರ್ ಅದೇ ಬೀದಿಗಳಲ್ಲಿ ಓಡಾಡಿಕೊಂಡಿದ್ದವರು. ಅಮ್ಮನನ್ನು "ಅಮ್ಮಾ" ಎಂದೇ ಮಾತಾಡಿಸುತ್ತಿದ್ದರು. ಮನೆ ಒಂದು ಸುತ್ತು ಹಾಕಿ, ನೆಲ ಹಳೇದಾಯಿತು, ಅಡುಗೆಮನೆ ಕತ್ತಲೆ, ಗೋಡೆ ಅಲ್ಲಲ್ಲಿ ಉಬ್ಬಿದೆ, ಈಗಿನ ಜನ ಇದನ್ನೆಲ್ಲ ನೋಡಿದ ಕೂಡಲೇ ಬೆಲೆ ಇಳಿಸುತ್ತಾರೆ ಎಂದರು. ಮುಂದಿನ ಸಲ ಬರುವಾಗ ಜೊತೆಗೆ ಇಂಟೀರಿಯರ್ ಮಾಡುವ ಕಂಟ್ರ್ಯಾಕ್ಟರ್ ಒಬ್ಬರನ್ನು ಕರೆತಂದರು. ಅವರ ಮೊಬೈಲಿನಲ್ಲಿ ಅಮೆರಿಕದ ವಿಡಿಯೋಗಳು. ಮೊದಲು ಮಂಕು ಹಿಡಿದ ಮನೆ, ಆಮೇಲೆ ಅದೇ ಮನೆ ಬೆಳ್ಳಗೆ, ಸೋಫಾ, ಹೂದಾನಿ ಸಮೇತ. "ಇದಕ್ಕೆ ಹೋಮ್ ಸ್ಟೇಜಿಂಗ್ ಅಂತಾರೆ ಮೇಡಂ. ಅಲ್ಲಿ ಇದನ್ನ ಮಾಡ್ದೆ ಯಾರೂ ಮನೆ ಮಾರೋದೇ ಇಲ್ಲ."

ಆ ವಿಡಿಯೋಗಳಲ್ಲಿ ನಿಜವಾಗಿ ನಡೆಯುತ್ತಿದ್ದದ್ದು ಏನು ಎಂದು ಆಮೇಲೆ ನಿಧಾನವಾಗಿ ಕೂತು ನೋಡಿದೆ. ಅಲ್ಲಿನವರು ಮಾಡುವ ಕೆಲಸದಲ್ಲಿ ಹೆಚ್ಚಿನದು ಮನೆಯೊಳಗಿನ ಸಾಮಾನು ಕಡಿಮೆ ಮಾಡುವುದು, ಗೋಡೆಯ ಮೇಲಿನ ಸ್ವಂತ ಫೋಟೋ ಇಳಿಸುವುದು, ತಿಳಿ ಬಣ್ಣ ಬಳಿಸುವುದು, ಬೆಳಕು ಬರುವಂತೆ ಪರದೆ ಸರಿಸುವುದು. ಸೋಫಾ ಮಂಚಗಳು ಎಷ್ಟೋ ಸಲ ಬಾಡಿಗೆಯವು, ಮನೆ ಮಾರಾಟವಾದ ಮೇಲೆ ಲಾರಿ ಹತ್ತಿ ವಾಪಸ್ ಹೋಗುತ್ತವೆ. ಕೊಳ್ಳುವವರು ಅದೇ ಮನೆಯಲ್ಲಿ, ಅದೇ ಗೋಡೆಗಳ ನಡುವೆ ಇರಲು ಬರುವವರು. ನಮ್ಮ ನಡುಮನೆಯಲ್ಲಿ ಕೂತು ಆ ವಿಡಿಯೋ ತೋರಿಸಿದವರು ಬರೆದುಕೊಟ್ಟ ಪಟ್ಟಿಯೇ ಬೇರೆ. ಇಡೀ ಮನೆಗೆ ವಿಟ್ರಿಫೈಡ್ ಟೈಲ್ಸ್, ನಡುಮನೆಗೆ ಮತ್ತು ರೂಮುಗಳಿಗೆ ಫಾಲ್ಸ್ ಸೀಲಿಂಗ್, ಉಬ್ಬಿದ ಗೋಡೆಗೆ ಪಿವಿಸಿ ಪ್ಯಾನೆಲ್, ಮಾಡ್ಯುಲರ್ ಕಿಚನ್. ಇವೆಲ್ಲ ಒಂದು ಮನೆಯಲ್ಲಿ ಹತ್ತು ಹದಿನೈದು ವರ್ಷ ಬಾಳುವವರು ತಮ್ಮ ಇಷ್ಟಕ್ಕೆ, ತಮ್ಮ ಅನುಕೂಲಕ್ಕೆ ಮಾಡಿಸಿಕೊಳ್ಳುವ ಕೆಲಸಗಳು. ಅಡುಗೆ ಕಟ್ಟೆ ಎಷ್ಟು ಎತ್ತರ ಇರಬೇಕು, ಗ್ರೈಂಡರ್ ಎಲ್ಲಿ ಕೂರಬೇಕು, ನೆಲ ಯಾವ ಬಣ್ಣದ್ದಿರಬೇಕು ಎನ್ನುವುದು ಬಾಳುವವರಿಗೆ ಗೊತ್ತಿರುತ್ತದೆ. ಬರಲಿರುವವರು ಯಾರೆಂದೇ ಗೊತ್ತಿಲ್ಲದ ಮನೆಗೆ ಇದನ್ನೆಲ್ಲ ಯಾರ ಇಷ್ಟಕ್ಕೆ ಮಾಡಿಸುವುದು? ಈ ಪ್ರಶ್ನೆಯನ್ನು ಅಮ್ಮ ಕೇಳಿದರು. "ಎಲ್ಲರಿಗೂ ಇಷ್ಟ ಆಗೋ ಥರ ಮಾಡ್ತೀವಿ ಬಿಡಿ ಅಮ್ಮಾ" ಎಂಬ ಉತ್ತರ ಬಂತು.

ನೆಲದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಳೇ ಮನೆಗಳಿರುವವರಿಗೆಲ್ಲ ಇದು ಸಂಬಂಧಪಟ್ಟದ್ದು. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಹದ ನೋಡಿ ಹಾಕಿ, ಕರಣೆಯಲ್ಲಿ ತೀಡಿ ತೀಡಿ ನುಣುಪು ಬರಿಸುವ ನೆಲ ಅದು. ಗಾರೆಯವರ ಕೈಯ ಮೇಲೆ ನಿಂತ ಕೆಲಸ. ವರ್ಷಗಟ್ಟಲೆ ಒರೆಸಿದಷ್ಟೂ ಹೊಳಪು ಏರುತ್ತದೆ, ಬೇಸಿಗೆಯಲ್ಲಿ ಚಾಪೆಯಿಲ್ಲದೆ ಮಲಗಬಹುದು. ಬಿರುಕಿಗೆ ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ. ಹೊಸದಾಗಿ ಹಾಕಿಸೋಣ ಎಂದರೆ ಆ ಕೆಲಸ ಬಲ್ಲವರು ಈಗ ಸುಲಭಕ್ಕೆ ಸಿಗುವುದಿಲ್ಲ. ಟೈಲ್ಸನ್ನು "ಮೇಲಿಂದ ಅಂಟಿಸ್ತೀವಿ ಅಷ್ಟೆ" ಎಂದಿದ್ದರು. ಅಷ್ಟು ನುಣುಪಾದ ನೆಲಕ್ಕೆ ಗಾರೆ ಕಚ್ಚುವುದಿಲ್ಲ. ಆದ್ದರಿಂದ ಉಳಿ ಸುತ್ತಿಗೆ ಹಿಡಿದು ಇಡೀ ನೆಲಕ್ಕೆ ಕಚ್ಚು ಹೊಡೆದರು. ಹೀಗೆ ಮಾಡಿದ ಮೇಲೆ ಮುಂದೆ ಯಾವತ್ತಾದರೂ ಟೈಲ್ಸ್ ಕಿತ್ತರೂ ಕೆಳಗಿನ ನೆಲ ವಾಪಸ್ ಸಿಗುವುದಿಲ್ಲ. ಇದನ್ನು ಕೆಲಸ ಶುರುವಾಗುವ ಮುಂಚೆ ನಮಗೆ ಯಾರೂ ಹೇಳಲಿಲ್ಲ. ಗಾರೆ, ಟೈಲ್ಸ್ ಸೇರಿ ನೆಲ ಒಂದು ಇಂಚಿಗೂ ಹೆಚ್ಚು ಮೇಲೆ ಬಂತು. ಬಾಗಿಲುಗಳು ತಿರುಗದೆ, ತೇಗದ ಬಾಗಿಲುಗಳ ಕೆಳಭಾಗವನ್ನೂ ಗರಗಸದಲ್ಲಿ ಕೊಯ್ದರು. ಅಪ್ಪ ಆ ಮರವನ್ನು ಎಷ್ಟು ಓಡಾಡಿ ಆರಿಸಿದ್ದರು ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ.

ಗೋಡೆಯ ವಿಷಯವೂ ಅಷ್ಟೇ. ಹಳೇ ಮನೆಗಳಲ್ಲಿ ಪಾಯದಿಂದ ಗೋಡೆಗೆ ತೇವ ಹತ್ತುವುದು ಸಾಮಾನ್ಯ. ಬಣ್ಣ ಉಬ್ಬುತ್ತದೆ, ಬಿಳಿ ಬಿಳಿ ಉಪ್ಪು ಮೂಡುತ್ತದೆ, ಗಾರೆ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೆ ಮಾಡಬೇಕಾದದ್ದು ನೀರಿನ ಮೂಲ ಹುಡುಕಿ ನಿಲ್ಲಿಸಿ, ಹಾಳಾದ ಗಾರೆ ಕೆರೆದು, ಗೋಡೆ ಒಣಗಲು ಬಿಡುವುದು. ಅದಕ್ಕೆ ಸಮಯ ಬೇಕು. ಪಿವಿಸಿ ಪ್ಯಾನೆಲ್ ಹೊಡೆದರೆ ಅದೇ ದಿನ ಗೋಡೆ ಚೆಂದ ಕಾಣುತ್ತದೆ, ತೇವ ಮಾತ್ರ ಪ್ಯಾನೆಲ್ಲಿನ ಹಿಂದೆ ಗಾಳಿಯಿಲ್ಲದೆ ಇನ್ನೂ ಮೇಲೇರುತ್ತದೆ. ಫಾಲ್ಸ್ ಸೀಲಿಂಗ್ ಕೂಡ ತಾರಸಿಯ ಸೋರಿಕೆಗೆ ಹೊದಿಕೆ ಹಾಕಿದಂತೆಯೇ ಆಯಿತು. ಜಿಪ್ಸಂ ಬೋರ್ಡಿಗೆ ನೀರು ತಾಗಿದರೆ ಮುಚ್ಚಿಡಲು ಆಗುವುದಿಲ್ಲ. ಮೊದಲ ಮಳೆಗೇ ಚಹಾ ಬಣ್ಣದ ಕಲೆ ಬಂತು.

ಈಗ ಮನೆ ನೋಡಲು ಬಂದವರ ವಿಷಯ. ಈ ಭಾಗವೇ ಮುಖ್ಯ.

ಬಂದವರಲ್ಲಿ ಹೆಚ್ಚಿನವರು ಒಳಗೆ ಸರಿಯಾಗಿ ಕಾಲೇ ಇಡಲಿಲ್ಲ. ಗೇಟಿನ ಹತ್ತಿರ ನಿಂತು, ರಸ್ತೆ ಎಷ್ಟು ಅಡಿ, ಸೈಟಿನ ಮುಖ ಯಾವ ದಿಕ್ಕಿಗೆ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಟ್ಟು ಎಷ್ಟು ಫ್ಲೋರ್ ಎತ್ತಬಹುದು ಎಂದು ಲೆಕ್ಕ ಹಾಕಿದರು. ಊರೊಳಗಿನ ಹಳೇ ಬಡಾವಣೆಯಲ್ಲಿ 2,400 ಚದರಡಿ ಸೈಟಿನ ಮೇಲೆ ಐವತ್ತು ವರ್ಷದ ಮನೆ ಇದ್ದರೆ, ಅಂಥವರು ಕೊಳ್ಳುವುದು ಸೈಟನ್ನು. ಮನೆ ಅವರ ಲೆಕ್ಕದಲ್ಲಿ ಕೆಡವಬೇಕಾದ ಕಟ್ಟಡ. ಬಡಾವಣೆಯಲ್ಲಿ ನಮ್ಮ ಅಕ್ಕಪಕ್ಕ ಮಾರಾಟವಾದ ಮನೆಗಳೆಲ್ಲ ಹಾಗೇ ಕೆಡವಿ ಮೂರು ಅಂತಸ್ತು ಎದ್ದಿದ್ದವು. ದಿನವೂ ಅಲ್ಲೇ ವ್ಯವಹಾರ ಮಾಡುವ ಬ್ರೋಕರಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಮನೆಯಲ್ಲಿ ಇರುವುದಕ್ಕೇ ಬೇಕು ಎಂದು ಬಂದವರೂ ಇದ್ದರು. ಒಂದು ದಂಪತಿ, ಇಬ್ಬರೂ ನಿವೃತ್ತ ಅಧ್ಯಾಪಕರು. ಎದುರು ಮನೆಯವರ ಬಾಯಲ್ಲಿ ನಮ್ಮ ಮನೆಯ ಬಗ್ಗೆ ಕೇಳಿ, ಕೆಂಪು ನೆಲದ ಮನೆ, ಹಿತ್ತಿಲಿದೆ ಎಂದು ಆಸೆಯಿಂದ ಬಂದಿದ್ದರು. ಬಾಗಿಲಲ್ಲೇ ನಿಂತು, "ಅಯ್ಯೋ, ನೆಲ ತೆಗೆಸಿಬಿಟ್ರಾ?" ಎಂದರು ಆಕೆ. ಆದರೂ ಬಿಡದೆ ಪರಿಚಯದ ಎಂಜಿನಿಯರ್ ಒಬ್ಬರನ್ನು ಕರೆತಂದರು. ಅವರು ಪ್ಯಾನೆಲ್ಲನ್ನು ಬೆರಳಗೆಣ್ಣಿನಲ್ಲಿ ತಟ್ಟಿ, "ಇದನ್ನ ಒಂದು ಕಡೆ ಬಿಚ್ಚಿ ತೋರಿಸ್ತೀರಾ?" ಎಂದು ಕೇಳಿದಾಗ ಬ್ರೋಕರ್ ಆಗುವುದಿಲ್ಲ ಎಂದುಬಿಟ್ಟರು. ಮುಚ್ಚಿದ್ದಾರೆ ಎಂದರೆ ಏನೋ ಇದೆ ಎಂದೇ ಅವರು ತಿಳಿದರು. ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ಉಬ್ಬಿದ ಗೋಡೆ ಕಣ್ಣೆದುರೇ ಇದ್ದಿದ್ದರೆ ರಿಪೇರಿಗೆ ಇಷ್ಟು ಎಂದು ಬೆಲೆಯಲ್ಲಿ ಕೇಳುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವರು ಮತ್ತೆ ಬರಲಿಲ್ಲ. ಆ ಮನೆಯಲ್ಲಿ ಅವರು ಇರುತ್ತಾರೆ ಎಂದಿದ್ದರೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಲೂ ಅಮ್ಮ ಸಿದ್ಧವಿದ್ದರು.

ಇನ್ನೊಂದು ಕುಟುಂಬ ಅಡುಗೆಮನೆ ನೋಡಿ ಹಿಂದೆ ಸರಿಯಿತು. ಮುಂಚೆ ಒಲೆ ಆಗ್ನೇಯದಲ್ಲಿತ್ತು, ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡುವ ಹಾಗೆ. ಚಿಮಣಿಯ ಪೈಪು ಹೊರಗೆ ಬಿಡಲು ಸುಲಭ ಎಂದು ಕಂಟ್ರ್ಯಾಕ್ಟರ್ ಒಲೆಯ ಜಾಗವನ್ನು ಎದುರು ಗೋಡೆಗೆ ಬದಲಿಸಿದ್ದರು. ಈಗ ಪಶ್ಚಿಮಕ್ಕೆ ಮುಖ. ವಾಸ್ತುವನ್ನು ನೀವು ನಂಬುತ್ತೀರೋ ಇಲ್ಲವೋ, ನಮ್ಮ ಕಡೆ ಮನೆ ಕೊಳ್ಳಲು ಬರುವವರಲ್ಲಿ ಅದನ್ನು ಕೇಳುವವರೇ ಹೆಚ್ಚು. ಸರಿಯಾಗಿದ್ದದ್ದನ್ನು ದುಡ್ಡು ಕೊಟ್ಟು ತಪ್ಪು ಮಾಡಿಸಿದಂತಾಯಿತು.

ಕೊನೆಗೆ ಕೊಂಡವರು ಕಟ್ಟುವವರೇ. ಚದರಡಿಗೆ ಸೈಟಿನ ದರ ಇಷ್ಟು, ಅದರಲ್ಲಿ ಕೆಡವುವ ಖರ್ಚು ಕಳೆದು ಇಷ್ಟು ಎಂದರು. ಟೈಲ್ಸ್, ಸೀಲಿಂಗ್, ಕಿಚನ್, ಯಾವುದಕ್ಕೂ ಒಂದು ಪೈಸೆ ಸೇರಿಸಲಿಲ್ಲ. ಬಣ್ಣ ಬಳಿಯಲು ಬಂದಿದ್ದ ಹುಡುಗ ಅಷ್ಟು ಹೊತ್ತಿಗೆ ತಮ್ಮನ ಹತ್ತಿರ ಒಂದು ಮಾತು ಹೇಳಿದ್ದ. ಬ್ರೋಕರ್ ಕಳಿಸಿದ ಪ್ರತಿ ಮನೆಯ ಕೆಲಸದಲ್ಲೂ ಅವರಿಗೆ ನೂರಕ್ಕೆ ಹತ್ತು ಹೋಗುತ್ತದಂತೆ. ಮನೆ ಮಾರಿಸಿದ್ದಕ್ಕೆ ಬರುವ ಕಮಿಷನ್ ಬೇರೆ. ಮನೆ ಎಷ್ಟಕ್ಕೇ ಹೋಗಲಿ, ಅವರ ಪಾಲು ಮೊದಲೇ ಕೈಸೇರಿತ್ತು.

ಇಷ್ಟೆಲ್ಲ ನಡೆಯುವಾಗ ಮಾಡಬೇಕಾಗಿದ್ದ ಒಂದು ಕೆಲಸ ಹಾಗೇ ಕೂತಿತ್ತು. ಮನೆಯ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರ ಹೆಸರಿಗೆ ಖಾತೆ ಮಾಡಿಸಬೇಕು. ಈಗ ನಗರದ ಆಸ್ತಿಗೆ ಇ-ಖಾತೆ (ಖಾತೆಯ ಡಿಜಿಟಲ್ ರೂಪ) ಇಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ಕಂದಾಯ ಕಟ್ಟಿದ ರಸೀದಿಗಳು, ಋಣಭಾರ ಪ್ರಮಾಣಪತ್ರ, ಮೂಲ ಹಕ್ಕುಪತ್ರ, ಎಲ್ಲವೂ ಒಂದೇ ಫೈಲಿನಲ್ಲಿ ಇರಬೇಕು. ಒಳ್ಳೇ ಬೆಲೆ ಹೇಳಿದ್ದ ಒಬ್ಬರು, ಖಾತೆ ಆಗಿಲ್ಲ ಎಂದು ಗೊತ್ತಾದ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ ಎಂದು ಬೇರೆ ಕಡೆ ನೋಡಿಕೊಂಡರು. ಮಾರುವ ಮನೆಯನ್ನು ಸಿದ್ಧ ಮಾಡುವುದು ಎಂದರೆ ನನ್ನ ಪ್ರಕಾರ ಮೊದಲು ಈ ಫೈಲನ್ನು ಸಿದ್ಧ ಮಾಡುವುದು. ಮನೆಯೊಳಗೆ ಬೇಕಾದದ್ದು ಕಡಿಮೆ: ಬೇಡದ ಸಾಮಾನು ಸಾಗಿಸಿ ಗುಡಿಸಿ ತೊಳೆಯುವುದು, ಸಂಪು ಮತ್ತು ಟ್ಯಾಂಕು ತೊಳೆಸುವುದು, ಸೋರುವ ನಲ್ಲಿಗೆ ವಾಷರ್, ಉರಿಯದ ಬಲ್ಬು, ಗೆದ್ದಲಿಗೆ ಔಷಧಿ, ಬೇಕೆನಿಸಿದರೆ ಒಂದು ಕೈ ಸುಣ್ಣ. ಸೋರಿಕೆ, ತೇವ ಇದ್ದರೆ ರಿಪೇರಿ ಮಾಡಿಸಿ, ಇಲ್ಲವೇ ಹಾಗೇ ತೋರಿಸಿ. ಮುಚ್ಚಬೇಡಿ.

ತೆರಿಗೆ ಕಟ್ಟುವಾಗ ಇನ್ನೊಂದು ಪೆಟ್ಟು ಬಿತ್ತು. ಆಸ್ತಿ ಮಾರಿ ಬಂದ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ, ಮನೆಗೆ ಮಾಡಿಸಿದ ಶಾಶ್ವತ ಸುಧಾರಣೆಯ ಖರ್ಚನ್ನು ಕಳೆಯಲು ಅವಕಾಶವಿದೆ. ಬಣ್ಣ, ಸಣ್ಣಪುಟ್ಟ ರಿಪೇರಿ ಅದರಲ್ಲಿ ಬರುವುದಿಲ್ಲ. ಬರುವ ಖರ್ಚಿಗೂ ದಾಖಲೆ ಬೇಕು. ಕಂಟ್ರ್ಯಾಕ್ಟರ್ "ಬಿಲ್ ಹಾಕಿದ್ರೆ ಜಿಎಸ್‌ಟಿ ಸೇರುತ್ತೆ, ಸುಮ್ನೆ ಯಾಕೆ ಅಮ್ಮಾ" ಎಂದು ಅಮ್ಮನ ಕೈಯಿಂದ ಹೆಚ್ಚಿನ ದುಡ್ಡನ್ನು ನಗದಾಗಿಯೇ ತೆಗೆದುಕೊಂಡಿದ್ದರು. ನಮ್ಮ ಆಡಿಟರ್ ಕೇಳಿದಾಗ ತೋರಿಸಲು ಸಿಕ್ಕಿದ್ದು ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ.

ಈಗಾಗಲೇ ಇಂಥ ಕೆಲಸಕ್ಕೆ ಕೈಹಾಕಿರುವವರು ಇಲ್ಲಿಂದ ಮುಂದಕ್ಕಾದರೂ ದುಡ್ಡನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ, ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೇಳಿ, ವಾಟ್ಸಾಪಿನ ಮಾತುಕತೆ, ಗೋಡೆ ನೆಲದ ಮೊದಲಿನ ಫೋಟೋಗಳನ್ನು ಅಳಿಸಬೇಡಿ. ಕೆಲಸ ಕೆಟ್ಟರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು, ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ಆದರೆ ತೊಂದರೆಯಾದ ಎರಡು ವರ್ಷದೊಳಗೆ ಹೋಗಬೇಕು. ನಮ್ಮ ದೂರಿಗೆ ಈಗ ಆಧಾರವಾಗಿರುವುದು ತಮ್ಮ ಪುಣೆಯಿಂದ ಯುಪಿಐನಲ್ಲಿ ಕಳಿಸಿದ ಒಂದು ಕಂತು ಮತ್ತು "ನೆಲಕ್ಕೆ ಏನೂ ಆಗಲ್ಲ" ಎಂದು ಕಂಟ್ರ್ಯಾಕ್ಟರ್ ಕಳಿಸಿದ್ದ ವಾಯ್ಸ್ ಮೆಸೇಜು.