ಕನ್ನಡದ ಕೆಲಸಕ್ಕೆ ಲಿಬ್ರೆಆಫೀಸ್: ವರ್ಷಗಟ್ಟಲೆ ಬಳಸಿದವನ ಅನುಭವ

ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಬರೆದದ್ದು ಎಲ್ಲಿಗೆ ಹೋಗುತ್ತದೆ? ಪ್ರೆಸ್ಸಿಗಾ, ಕಚೇರಿಗಾ, ನಾಲ್ಕು ಜನ ಸೇರಿ ತಿದ್ದುವುದಕ್ಕಾ, ಇಲ್ಲಾ ಹತ್ತು ವರ್ಷ ಬಿಟ್ಟು ಮತ್ತೆ ತೆಗೆಯುವುದಕ್ಕಾ? ಉತ್ತರ ಸಿಕ್ಕರೆ ಸಾಫ್ಟ್‌ವೇರ್ ಆಯ್ಕೆ ಅರ್ಧ ಮುಗಿದ ಹಾಗೆ.

ನನ್ನದು ಸಂಘಗಳ ಸ್ಮರಣ ಸಂಚಿಕೆ, ಹಿರಿಯರ ಕೈಬರಹದ ಆತ್ಮಕಥೆ, ಸೊಸೈಟಿಗಳ ವಾರ್ಷಿಕ ವರದಿ ಟೈಪ್ ಮಾಡಿ ತಿದ್ದಿಕೊಡುವ ಕೆಲಸ. ಇದರಲ್ಲಿ ಜಾಸ್ತಿ ಪಾಲು ಲಿಬ್ರೆಆಫೀಸ್ ರೈಟರ್‌ನಲ್ಲೇ ನಡೆಯುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದ ಉಚಿತ ತಂತ್ರಾಂಶ ಇದು. ಬರವಣಿಗೆಗೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಸ್ಲೈಡಿಗೆ ಇಂಪ್ರೆಸ್, ಎಲ್ಲ ಒಂದೇ ಕಂತೆಯಲ್ಲಿ ಬರುತ್ತವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೆನುಗಳನ್ನೂ ಕನ್ನಡದಲ್ಲಿ ಇಟ್ಟುಕೊಳ್ಳಬಹುದು.

ನನಗೆ ಇದರ ಮೇಲೆ ನಂಬಿಕೆ ಬಂದದ್ದು ಹಳೆಯ ಫೈಲ್‌ಗಳಿಂದ. ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ಗಳು) ಟೈಪ್ ಮಾಡಿದ ಫೈಲ್ ಕಣ್ಣಿಗೆ ಮಾತ್ರ ಕನ್ನಡ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕಿ, ಗೀರು ಹಾಕಿದ ಸಾಲುಗಳು ಕಾಣುತ್ತವೆ. ಅದರಲ್ಲಿ ಒಂದು ಹೆಸರು ಹುಡುಕಲಾಗದು, ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲಾಗದು. ಇವುಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ತಂದು, ಓಡಿಎಫ್ ಎಂಬ ಮುಕ್ತ ಫೈಲ್ ರೂಪದಲ್ಲಿ ಉಳಿಸುತ್ತೇನೆ. ಓಡಿಎಫ್ 2006ರಿಂದ ಐಎಸ್ಒದ ಅಂತರರಾಷ್ಟ್ರೀಯ ಮಾನಕ. ಯಾವ ಒಂದು ಕಂಪನಿಯ ಹಿಡಿತದಲ್ಲೂ ಇಲ್ಲ. ಒಬ್ಬರ ಬದುಕಿನ ಕಥೆಯನ್ನು ಕಾಪಾಡಿ ಇಡುವಾಗ ಇದು ನನಗೆ ತುಂಬಾ ದೊಡ್ಡ ಸಂಗತಿ.

ಪರಿವರ್ತನೆ ಆದಮೇಲೆ ತಿದ್ದುವ ಕೆಲಸ ಇರುತ್ತದಲ್ಲ, ರೈಟರ್‌ನ ನಿಜವಾದ ಬಲ ಅಲ್ಲಿದೆ. ಒಂದು ಉದಾಹರಣೆ ಕೊಡುತ್ತೇನೆ. ತುಂಬಾ ಜನ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ ಒತ್ತಿರುತ್ತಾರೆ. ‘ಸ೦ಸಾರ’ ಮತ್ತು ‘ಸಂಸಾರ’ ನೋಡಲು ಒಂದೇ ಥರ. ಆದರೆ ಮೊದಲನೆಯದರಲ್ಲಿ ಇರುವುದು ಅಂಕಿ. ‘ಸಂಸಾರ’ ಎಂದು ಹುಡುಕಿದರೆ ಅದು ಸಿಗುವುದೇ ಇಲ್ಲ. ಸುಮ್ನೆ ಎಲ್ಲ ಸೊನ್ನೆಯನ್ನೂ ಬದಲಿಸಿದರೆ ‘೧೯೬೦’ರಂಥ ಇಸವಿಗಳು ಕೆಡುತ್ತವೆ. ಹಾಗಾಗಿ ಹುಡುಕಿ-ಬದಲಿಸುವ ಕಿಟಕಿಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ಸ್ (ನಿಯಮ ಕೊಟ್ಟು ಹುಡುಕುವ ಸೌಲಭ್ಯ) ಆನ್ ಮಾಡಿ, ಹುಡುಕುವ ಜಾಗದಲ್ಲಿ (?<![೦-೯])೦ ಎಂದು ಹಾಕುತ್ತೇನೆ. ಹಿಂದೆ ಕನ್ನಡ ಅಂಕಿ ಇಲ್ಲದ ಸೊನ್ನೆಯನ್ನು ಮಾತ್ರ ಹಿಡಿ ಎಂದು ಇದರ ಅರ್ಥ. ಬದಲಿಸುವ ಜಾಗದಲ್ಲಿ ಬರೀ ಅನುಸ್ವಾರ. ಇಡೀ ಪುಸ್ತಕದ ಸೊನ್ನೆಗಳು ಒಂದೇ ಏಟಿಗೆ ಸರಿಹೋಗುತ್ತವೆ, ಇಸವಿಗಳು ಹಾಗೇ ಉಳಿಯುತ್ತವೆ. ‘೦೫’, ‘೧,೦೦೦’ ಥರ ಸೊನ್ನೆಯ ಹಿಂದೆಯೇ ಅಂಕಿ ಇಲ್ಲದ ಕಡೆ ಮಾತ್ರ ಕಣ್ಣಾಡಿಸಬೇಕು.

ಇನ್ನು ಹೊಸಬರನ್ನು ಕಾಡುವ ವಿಷಯ. ಲಿಬ್ರೆಆಫೀಸ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ (ಅಕ್ಷರಗಳು ಕೂಡಿಕೊಂಡು ಆಕಾರ ಬದಲಿಸುವ ಲಿಪಿಗಳು) ಗುಂಪಿನಲ್ಲಿ ಇಡುತ್ತದೆ, ಇಂಗ್ಲಿಷನ್ನು ಬೇರೆ ಗುಂಪಿನಲ್ಲಿ. ಎರಡಕ್ಕೂ ಫಾಂಟ್ ಬೇರೆ, ಗಾತ್ರ ಬೇರೆ. ಸ್ಟೈಲ್‌ನಲ್ಲಿ (ಫಾಂಟ್, ಗಾತ್ರ ಒಟ್ಟಿಗೆ ಹೊಂದಿಸುವ ಜಾಗ) ಕನ್ನಡವನ್ನು 14 ಮಾಡಿ ಇಂಗ್ಲಿಷನ್ನು ಮರೆತರೆ, ಸಾಲಿನ ನಡುವೆ ಬರುವ ಇಂಗ್ಲಿಷ್ ಪದಗಳು ಚಿಕ್ಕದಾಗಿಯೇ ಕೂತಿರುತ್ತವೆ. ಇದು ಗೊತ್ತಿಲ್ಲದೆ ಎಷ್ಟೋ ಜನ ‘ಇದರಲ್ಲಿ ಕನ್ನಡ ಸರಿಯಾಗಿ ಬರಲ್ಲ’ ಎಂದು ಬಿಟ್ಟುಬಿಡುತ್ತಾರೆ. ಹಾಕಿಕೊಂಡ ದಿನವೇ ಆಪ್ಶನ್ಸ್‌ನ ಭಾಷೆಯ ಪುಟಕ್ಕೆ ಹೋಗಿ ಕನ್ನಡ ಆರಿಸಿ, ಡೀಫಾಲ್ಟ್ ಸ್ಟೈಲ್‌ನಲ್ಲಿ ಎರಡೂ ಕಡೆ ಫಾಂಟ್, ಗಾತ್ರ ಹೊಂದಿಸಿಬಿಡಿ. ನಾನು ನೋಟೋ ಸೆರಿಫ್ ಕನ್ನಡ ಇಟ್ಟುಕೊಂಡಿದ್ದೇನೆ. ಒತ್ತಕ್ಷರಗಳು ಚೆನ್ನಾಗಿ ಕೂರುತ್ತವೆ. ಹಾಗೇ ಆಟೋರಿಕವರಿ (ತಿದ್ದುತ್ತಿರುವ ಫೈಲ್ ತಾನಾಗಿ ಉಳಿಯುವ) ಸಮಯವನ್ನೂ ಕಡಿಮೆ ಮಾಡಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಅಲ್ವಾ?

ಕನ್ನಡದ ಕಾಗುಣಿತ ತಪಾಸಣೆಯನ್ನು ನಾನು ನೆಚ್ಚುವುದಿಲ್ಲ. ‘ಮನೆ’, ‘ಮನೆಯಲ್ಲಿ’, ‘ಮನೆಯಲ್ಲಿದ್ದವರಿಗೂ’ ಎಂದು ಪದ ಬೆಳೆಯುತ್ತಲೇ ಹೋಗುವ ಭಾಷೆ ನಮ್ಮದು. ಇಷ್ಟನ್ನೂ ಪದಪಟ್ಟಿಯಲ್ಲಿ ತುಂಬುವುದು ಸುಲಭವಲ್ಲ. ಕೆಂಪು ಗೆರೆ ಆಫ್ ಮಾಡಿ ಪ್ರಿಂಟ್ ತೆಗೆದು ಓದುತ್ತೇನೆ.

ಹಾಗಾದರೆ ಬೇರೆಯವು ಬೇಡವಾ? ಬೇಕು. ನಾಲ್ಕು ಸಂಪಾದಕರು ನಾಲ್ಕು ಊರಲ್ಲಿದ್ದರೆ ಗೂಗಲ್ ಡಾಕ್ಸ್‌ಗೆ ಸಾಟಿ ಇಲ್ಲ. ಎಲ್ಲರೂ ಒಂದೇ ಪುಟದಲ್ಲಿ ತಿದ್ದಬಹುದು. ಮುದ್ರಿತ ಪುಟದ ಸ್ಕ್ಯಾನನ್ನು ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯವೂ ಸಿಗುತ್ತದೆ. ಹಳೆಯ ಪುಸ್ತಕ ಮತ್ತೆ ಟೈಪ್ ಮಾಡುವ ಶ್ರಮ ಇದರಿಂದ ಎಷ್ಟು ಉಳಿಯುತ್ತದೆ ಎನ್ನುವುದು ಈ ಕೆಲಸ ಮಾಡುವವರಿಗೆ ಗೊತ್ತು. ಆದರೆ ಇಂಟರ್ನೆಟ್ ತೂಕಡಿಸುವ ಊರಲ್ಲಿ ಇನ್ನೂರು ಪುಟದ ಪುಸ್ತಕವನ್ನು ನಾನು ಅಲ್ಲಿಡುವುದಿಲ್ಲ. ಎದುರಿನ ಕಚೇರಿ ಡಾಕ್ಸ್ಎಕ್ಸ್ (ವರ್ಡ್‌ನ .docx) ಫೈಲೇ ಬೇಕು ಎಂದು ಹಟ ಹಿಡಿದು, ಅದರಲ್ಲಿ ಟೇಬಲ್‌ಗಳೂ ಜಾಸ್ತಿ ಇದ್ದರೆ ಮೈಕ್ರೋಸಾಫ್ಟ್ ವರ್ಡ್‌ನಲ್ಲೇ ಮಾಡುವುದು ಒಳ್ಳೆಯದು. ರೈಟರ್ ಆ ಫೈಲ್ ತೆರೆಯುತ್ತದೆ, ಉಳಿಸುತ್ತದೆ. ಆದರೂ ಟೇಬಲ್ ಮುಂದಿನ ಪುಟಕ್ಕೆ ಜಾರುವುದು, ಸಾಲು ಬೇರೆ ಕಡೆ ಮುರಿಯುವುದು ಇದ್ದೇ ಇದೆ.

ಚಿತ್ರ ತುಂಬಿದ, ಎರಡು ಕಾಲಮ್ಮಿನ ಸಂಚಿಕೆ ಬಂದಾಗ ವರ್ಡ್ ಪ್ರೊಸೆಸರ್ ಬಿಟ್ಟು ಪುಟ ವಿನ್ಯಾಸದ ಸಾಫ್ಟ್‌ವೇರ್ ಹಿಡಿಯಬೇಕು. ಇಂಡಿಸೈನ್ ಕೊಳ್ಳಲು ಆಗದವರು 2024ರಲ್ಲಿ ಬಂದ ಸ್ಕ್ರೈಬಸ್ 1.6 ನೋಡಿ. ಅದೂ ಉಚಿತ, ಕನ್ನಡದ ಒತ್ತಕ್ಷರಗಳನ್ನು ಕೂರಿಸುತ್ತದೆ. ನಮ್ಮಲ್ಲಿ ಇಂದಿಗೂ ಪೇಜ್‌ಮೇಕರ್ ಇಟ್ಟುಕೊಂಡಿರುವ ಪ್ರೆಸ್‌ಗಳಿವೆ. ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಒಂದು ಪ್ರೆಸ್‌ನವರು ನಾನು ತಿದ್ದಿ ಕೊಟ್ಟ ಯೂನಿಕೋಡ್ ಪಠ್ಯವನ್ನು ಮತ್ತೆ ಆಸ್ಕಿಗೆ ತಿರುಗಿಸಿದರು. ‘ರ‍್ಯಾಂಕ್’ ಇದ್ದ ಕಡೆಯೆಲ್ಲ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಯಿತು. ಅಂದಿನಿಂದ ಪ್ರೆಸ್ಸಿಗೆ ಪಿಡಿಎಫ್ ಮಾತ್ರ ಕೊಡುತ್ತೇನೆ.

ಪಿಡಿಎಫ್ ಮಾಡುವಾಗ ರೈಟರ್‌ನಲ್ಲಿ ‘ಹೈಬ್ರಿಡ್ ಪಿಡಿಎಫ್’ ಎಂಬ ಆಯ್ಕೆ ಇದೆ. ತಿದ್ದಬಲ್ಲ ಮೂಲ ಫೈಲ್ ಪಿಡಿಎಫ್ ಒಳಗೇ ಸೇರಿಕೊಳ್ಳುತ್ತದೆ. ಫೋನಿನಲ್ಲಿ ತೆರೆದರೆ ಮಾಮೂಲಿ ಪಿಡಿಎಫ್, ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಿದ್ದಬಹುದು. ಆತ್ಮಕಥೆ ಬರೆಸಿದ ಮನೆಯವರಿಗೆ ನಾನು ಈ ಫೈಲನ್ನೇ ಕೊಡುತ್ತೇನೆ. ಮುಂದೆ ಎರಡನೇ ಮುದ್ರಣ ಮಾಡಿಸುವಾಗ ಅವರು ಯಾರ ಹತ್ತಿರ ಬೇಕಾದರೂ ಮಾಡಿಸಿಕೊಳ್ಳಬಹುದು.