ಕತೇನಾ ಮಾಲ್ಬೆಕ್: ಅಡಿಕೆ ಸೀಮೇಲಿ ಆಂಡೀಸ್ ಬೆಟ್ಟದ ರೆಡ್ ವೈನ್

ರೆಡ್ ವೈನ್ ಅಂದ್ರೆ ಶಿವಮೊಗ್ಗ ಕಡೆ ಇನ್ನೂ ಸಿಹಿ ಪೋರ್ಟ್ ವೈನೇ ಲೆಕ್ಕ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಸಿಹಿ ಇಲ್ಲ. ಸಿಹಿ ಬೇಕು ಅನ್ನೋರು ಗೋವಾ ಪೋರ್ಟೇ ತಗೊಳ್ಳಿ, ದುಡ್ಡೂ ಉಳಿಯುತ್ತೆ.

ಬಾಟ್ಲಿ ಬೆಂಗಳೂರಿಂದ ತರಿಸಿದ್ದು. ಕತೇನಾ ಅನ್ನೋದು ಕಂಪನಿ ಹೆಸರು, ಮಾಲ್ಬೆಕ್ ಅನ್ನೋದು ದ್ರಾಕ್ಷಿ ತಳಿ. ಅರ್ಜೆಂಟೀನಾದ ಮೆಂಡೋಝಾ ಪ್ರಾಂತ್ಯದ್ದು, ಎತ್ತರದ ಬೆಟ್ಟದ ಬಳ್ಳಿಗಳದ್ದು ಅಂತ ಹೇಳ್ಕೊಂಡೇ ಮಾರೋದು. ಈ ಬೆಟ್ಟ-ಗಿಟ್ಟ ಎಲ್ಲ ಬರೀ ಮಾರೋ ಮಾತಿರಬೇಕು ಅಂತ ನಂಗೂ ಅನುಮಾನ ಇತ್ತು, ಆದ್ರೆ ಲೆಕ್ಕ ನೋಡಿದ್ರೆ ಸುಮ್ನೆ ಅಲ್ಲ. ದ್ರಾಕ್ಷಿ ಒಂದೇ ತೋಟದ್ದಲ್ಲ, ಸುಮಾರು 900 ಮೀಟರಿನಿಂದ ಹಿಡಿದು 1450 ಮೀಟರ್ ಹತ್ರದ ತನಕ ಬೇರೆ ಬೇರೆ ಎತ್ತರದಲ್ಲಿ ಬೆಳೆದದ್ದನ್ನ ತಂದು ಬೆರೆಸ್ತಾರೆ. ಎಲ್ಲಕ್ಕಿಂತ ಮೇಲಿರೋದು ಆದ್ರಿಯಾನಾ ಅನ್ನೋ ತೋಟ, 1992ರಲ್ಲಿ ಕಂಪನಿ ಯಜಮಾನ ನಿಕೋಲಾಸ್ ಕತೇನಾ ಅಲ್ಲಿ ಗಿಡ ಹಾಕ್ಸೋಕೆ ಹೊರಟಾಗ ಈ ಚಳೀಲಿ ಮಾಲ್ಬೆಕ್ ಹಣ್ಣಾಗೋದೇ ಇಲ್ಲ ಅಂತ ಅವರ ತೋಟ ನೋಡ್ಕೊಳ್ಳೋರೇ ಹೇಳಿದ್ರಂತೆ. ನಮ್ಮ ಕೊಡಚಾದ್ರಿ 1343 ಮೀಟರ್. ಅಂದ್ರೆ ಸರ್ವಜ್ಞ ಪೀಠದಲ್ಲಿ ನಿಂತು ಇನ್ನೂ ಕತ್ತೆತ್ತಿ ನೋಡ್ಬೇಕು, ಅಲ್ಲಿದೆ ಆ ದ್ರಾಕ್ಷಿ ತೋಟ.

ಎತ್ತರದಿಂದ ಏನ್ ಲಾಭ ಅಂದ್ರೆ, ಮೇಲೆ ಹೋದಷ್ಟೂ ಗಾಳಿ ತೆಳು, ಬಿಸಿಲಿನ ಅಲ್ಟ್ರಾವಯಲೆಟ್ ನೇರ ಹೊಡೆಯುತ್ತೆ, ಹಣ್ಣು ಅದನ್ನ ತಡ್ಕೊಳ್ಳೋಕೆ ಸಿಪ್ಪೆ ದಪ್ಪ ಮಾಡ್ಕೊಳ್ಳುತ್ತೆ, ವೈನಿನ ಬಣ್ಣ, ಟ್ಯಾನಿನ್ (ಚೊಗರು ಕೊಡೋ ಅಂಶ) ಹೆಚ್ಚಿನದ್ದೆಲ್ಲ ಬರೋದು ಆ ಸಿಪ್ಪೆಯಿಂದಾನೇ. ರಾತ್ರಿ ಚೆನ್ನಾಗಿ ತಣ್ಣಗಾಗೋದ್ರಿಂದ ಹಣ್ಣು ಪೂರ್ತಿ ಮಾಗಿದ್ರೂ ಹುಳಿ ಹೋಗಲ್ಲ. ಕುಡಿವಾಗ ಗೊತ್ತಾಗೋದು ಇದೇ, ಕಡುನೇರಳೆ ಬಣ್ಣ, ಗ್ಲಾಸಿನ ಆಚೆ ಕಡೆ ಬೆರಳಿಟ್ರೆ ಕಾಣಲ್ಲ, ಆದ್ರೂ ಬಾಯಲ್ಲಿ ಭಾರ ಅನ್ಸಲ್ಲ.

ತೀರ್ಥಹಳ್ಳಿಯ ನಮ್ ಭಾವ ಬಂದಿದ್ರು, ಅಡಿಕೆ ತೋಟದವ್ರು, ಎತ್ತರದ ಕಥೆ ಕೇಳಿದ್ದೇ "ಹಂಗಾದ್ರೆ ಕೊಡಚಾದ್ರಿ ಮೇಲೆ ಹಾಕಿದ್ರೆ ಬರಲ್ವೇನೋ ಮಾರಾಯ" ಅಂದ್ರು. ಎಲ್ಲಿಂದ ಬರ್ಬೇಕು ಭಾವ! ಮೆಂಡೋಝಾದಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 200 ಮಿಲಿಮೀಟರ್, ಆಗುಂಬೆಲಿ ಜುಲೈ ತಿಂಗಳ ಒಂದು ಜೋರು ದಿನಕ್ಕೆ ಅಷ್ಟು ಸುರಿಯುತ್ತೆ, ವರ್ಷಕ್ಕೆ 7000 ದಾಟುತ್ತೆ. ಅಲ್ಲಿ ನೀರು ಕೊಡೋದು ಆಂಡೀಸಿನ ಹಿಮ ಕರಗಿ ಬಂದ ಕಾಲುವೆ. ಮಳೆ ಇಲ್ಲ ಅಂದ್ರೆ ಬೂಷ್ಟು, ಕೊಳೆ ಕಾಟ ಕಮ್ಮಿ, ನಮ್ಮಲ್ಲಿ ಅಡಿಕೆಗೇ ಎರಡು ಮೂರು ಸಲ ಬೋರ್ಡೋ ಹೊಡೆದ್ರೂ ಕೊಳೆ ರೋಗ ನಿಲ್ಲಲ್ಲ.

ಬೋರ್ಡೋ ಅಂದಾಗ ಭಾವಂಗೆ ಹೇಳಿದೆ, ನೀವು ಮೈಲುತುತ್ತ ಸುಣ್ಣ ಕಲಸಿ ಹೊಡೆಯೋ ಆ ಔಷಧಿ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೇಲಿ ಬಳ್ಳಿಗೆ ಬಿದ್ದ ಬೂಷ್ಟು ರೋಗಕ್ಕೆ ಅಂತ ಮಾಡಿದ್ದು. ಈ ಮಾಲ್ಬೆಕ್ ತಳಿನೂ ಅದೇ ಕಡೇದು, ಅಲ್ಲಿಂದ 1853ರ ಹೊತ್ತಿಗೆ ಅರ್ಜೆಂಟೀನಾಕ್ಕೆ ಹೋಯ್ತು. 1956ರ ಕಡು ಚಳೀಲಿ ಬೋರ್ಡೋದಲ್ಲಿ ಇದ್ದ ಮಾಲ್ಬೆಕ್ ಬಹುಪಾಲು ಸತ್ತೋಯ್ತು, ಮತ್ತೆ ಹಾಕಿದವ್ರು ಕಮ್ಮಿ. ಈಗ ಮಾಲ್ಬೆಕ್ ಅಂದ್ರೆ ಅರ್ಜೆಂಟೀನಾ ಅನ್ನೋ ಹಂಗಾಗಿದೆ. ಭಾವ ಇದನ್ನೆಲ್ಲ ಕೇಳಿ "ಹಂಗಾದ್ರೆ ಇದು ನಮ್ ನೆಂಟ್ರೇ ಬಿಡು" ಅಂತ ಇನ್ನೊಂದು ಗ್ಲಾಸ್ ಹಾಕ್ಸ್ಕೊಂಡ್ರು.

ರುಚಿ. ಮೂಗಿಗೆ ಮೊದಲು ನೇರಳೆ ಹಣ್ಣು, ಪ್ಲಮ್ಮು, ಆಮೇಲೆ ಓಕ್ ಪೀಪಾಯಿಯ ವೆನಿಲಾ ಥರದ್ದು, ಸ್ವಲ್ಪ ಹೊತ್ತು ಗ್ಲಾಸಲ್ಲಿ ಬಿಟ್ರೆ ಹೂವಿನ ವಾಸನೆ. ಚೊಗರು ಇದೆ, ಆದ್ರೆ ಹಸಿ ಅಡಿಕೆ ಜಗಿದಂಗೆ ನಾಲಿಗೆ ಕಟ್ಟಿಹಾಕಲ್ಲ, ಬಂದು ಮೆಲ್ಲಗೆ ಹೋಗುತ್ತೆ, ನಂಗೆ ಇದರಲ್ಲಿ ತುಂಬ ಹಿಡಿಸಿದ್ದು ಇದೇ. ಅಡಿಕೆ ಹಾಕೋ ನಾಲಿಗೆಗೆ ಚೊಗರು ಹೊಸದಲ್ಲ, ಯಾವುದು ಒಳ್ಳೇದು ಯಾವುದು ಒರಟು ಅಂತ ಯಾರೂ ಹೇಳಿಕೊಡ್ಬೇಕಿಲ್ಲ.

ಊಟದ ವಿಷಯಕ್ಕೆ ಬಂದ್ರೆ ಸ್ವಲ್ಪ ಹುಷಾರಾಗಿರಿ. ಕಡುಬು ಕೋಳಿ ಸಾರಿನ ಜೊತೆ ಕೊಟ್ಟೆ, ಸರಿ ಹೋಗ್ಲಿಲ್ಲ, ಆಲ್ಕೋಹಾಲ್ 13.5-14 ಪರ್ಸೆಂಟ್ ಹತ್ರ ಇರೋದ್ರಿಂದ ಖಾರ ಇನ್ನೂ ಉರಿಯುತ್ತೆ, ಸಾರೂ ಹಾಳು ವೈನೂ ಹಾಳು. ಹಂದಿ ಮಾಂಸ ಕಾಳುಮೆಣಸು ಹಾಕಿ ಹುರಿದದ್ದಿತ್ತು, ಅದರ ಜೊತೆ ಮಾತ್ರ ಅದ್ಭುತ, ಕೊಬ್ಬಿಗೂ ಚೊಗರಿಗೂ ಸರಿಯಾಗಿ ಹೊಂದುತ್ತೆ, ಅರ್ಜೆಂಟೀನಾದವ್ರು ಇದನ್ನ ಕೆಂಡದ ಮೇಲೆ ಸುಟ್ಟ ಮಾಂಸದ ಜೊತೆ ಕುಡಿಯೋದು ಯಾಕೆ ಅಂತ ಆಗ ಅರ್ಥ ಆಯ್ತು. ಮಾಂಸ ತಿನ್ನದವ್ರಿಗೆ ಬೆಣ್ಣೇಲಿ ಹುರಿದ ಅಣಬೆ ಆಗುತ್ತೆ. ಅಪ್ಪೆಮಿಡಿ ಮಾತ್ರ ಆ ಟೇಬಲ್ ಹತ್ರಾನೂ ತರಬೇಡಿ.

ಇನ್ನೊಂದು, ರೆಡ್ ವೈನ್ ರೂಮ್ ಟೆಂಪರೇಚರ್ ಅಲ್ಲಿ ಕುಡಿಬೇಕು ಅಂತಾರಲ್ಲ, ಅದು ಶಿವಮೊಗ್ಗದ ಏಪ್ರಿಲ್ ರೂಮ್ ಅಲ್ಲ ಮಾರ್ರೆ. 16-18 ಡಿಗ್ರಿ ಇರ್ಬೇಕು, ಬೇಸಿಗೆಲಿ ಕುಡಿಯೋಕೆ ಮುಂಚೆ ಅರ್ಧ ಗಂಟೆ ಫ್ರಿಜ್ಜಲ್ಲಿಡಿ, ಇಲ್ದಿದ್ರೆ ಬರೀ ಸ್ಪಿರಿಟ್ ವಾಸನೆ ಬರುತ್ತೆ.

ದುಡ್ಡು? ಜಾಸ್ತಿನೇ, ಆಮದು ಸುಂಕದ ಕೃಪೆ. ಇದೊಂದರ ದುಡ್ಡಿಗೆ ನಂದಿ ಬೆಟ್ಟದ ಕಡೆ ಮಾಡೋ ಗ್ರೋವರ್ ಲಾ ರಿಸರ್ವ್ ಎರಡು ಬಾಟ್ಲಿ ಬರುತ್ತೆ, ಅದೂ ಒಳ್ಳೇ ವೈನೇ, ವಾರಕ್ಕೊಮ್ಮೆ ಕುಡಿಯೋದಾದ್ರೆ ನಾನು ಅದನ್ನೇ ತಗೊಳ್ಳೋದು. ಇದು ಹಂದಿ ಹುರಿದ ದಿನಕ್ಕೆ, ನಾಲ್ಕು ಜನ ಕೂತ್ಕೊಳ್ಳೋ ದಿನಕ್ಕೆ.

ತಗೊಳ್ಳೋವಾಗ ಬಾಟ್ಲಿ ಎಲ್ಲಿತ್ತು ನೋಡಿ. ನಮ್ ಕಡೆ ಒಂದು ಅಂಗಡೀಲಿ ಇಂಪೋರ್ಟೆಡ್ ವೈನೆಲ್ಲ ಶೋಕಿಗೆ ಅಂತ ಗಾಜಿನ ಮುಂದೆ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿರ್ತಾರೆ, ಅಂಥದ್ದನ್ನ ಅರ್ಧ ರೇಟಿಗೆ ಕೊಟ್ರೂ ಬೇಡ, ಒಳಗೆ ಡಬ್ಬದಲ್ಲಿ ಮಲಗಿಸಿಟ್ಟಿದ್ದು ಇದ್ಯಾ ಕೇಳಿ, ಇಲ್ಲ ಅಂದ್ರೆ ಬಿಯರ್ ತಗೊಂಡು ಬನ್ನಿ.